ತುಕ್ಕಿಗೆ ಯಾವ ಹುಳಿ? ಗುಜರಿಗೆ ಹೊರಟಿದ್ದ ರ‍್ಯಾಲಿ ಸೈಕಲ್ಲಿನ ಮೇಲೆ ಮಾಡಿ ನೋಡಿದ್ದು

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಗೆದ್ದದ್ದು ಆಕ್ಸಾಲಿಕ್ ಆಸಿಡ್ ಪುಡಿ. ಎರಡನೇ ಜಾಗ ಹಿತ್ತಲ ಹುಳಿ ಬಿಂಬ್ಲಿಕಾಯಿಗೆ (ಬಿಳಿಂಬಿ). ನಮ್ಮ ಕರಾವಳಿಯ ಹೆಮ್ಮೆಯ ಮುರುಗಲು (ಕೋಕಂ, ಪುನರ್ಪುಳಿ) ಈ ಕೆಲಸದಲ್ಲಿ ಹಿಂದೆ ಬಿತ್ತು. ವೈರ್ ಬ್ರಷ್ಷನ್ನಂತೂ ಹಳೇ ಸೈಕಲ್ಲಿನ ಹತ್ತಿರವೂ ತರಬೇಡಿ. ಆದರೆ ಯಾವುದನ್ನು ಎಷ್ಟು ಉಜ್ಜಬಹುದು ಅನ್ನುವುದು ಕೈಯಲ್ಲಿರುವ ಸೈಕಲ್ ಯಾವುದು ಅನ್ನುವುದರ ಮೇಲಿದೆ. ಹಾಗಾಗಿ ಮೊದಲು ಅದರ ಗುರುತು.

ಸೈಕಲ್ ಬಿದ್ದಿದ್ದು ಗೋಕರ್ಣದ ಕಡೆಯ ಒಂದು ತೆಂಗಿನ ತೋಟದ ಕೊಟ್ಟಿಗೆಯಲ್ಲಿ. ಯಾರೋ ವಿದೇಶಿ ಪ್ರವಾಸಿ ಬಿಟ್ಟುಹೋದದ್ದಂತೆ. ಗುಜರಿಯವನು 'ಹಳೇ ರ‍್ಯಾಲಿ' ಅಂತ ಕಿಲೋ ಲೆಕ್ಕದಲ್ಲಿ ಕೇಳಿದ್ದ. ಅದಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟು ಕಾರವಾರಕ್ಕೆ ತಂದೆ. ನಮ್ಮ ಕಡೆ ರ‍್ಯಾಲಿ ಅಂದರೆ ಹೆಚ್ಚಾಗಿ ಸೆನ್-ರ‍್ಯಾಲಿ, ಪಶ್ಚಿಮ ಬಂಗಾಳದ ಆಸನ್ಸೋಲಿನಲ್ಲಿ ತಯಾರಾಗುತ್ತಿದ್ದದ್ದು. ಕಪ್ಪು ಬಣ್ಣ, 28 ಇಂಚಿನ ಗಾಲಿ, ರಾಡ್ ಬ್ರೇಕು. ಇದು ಆ ಜಾತಿಯದಲ್ಲ. ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಬಾಗಿದೆ. ಹಲ್ಲಿನ ಚಕ್ರಗಳು ಮುಂದೆ ಎರಡು, ಹಿಂದೆ ಐದು. ಹ್ಯಾಂಡಲ್ ಕೆಳಗಿನ ಬ್ಯಾಡ್ಜಿನ ಮೇಲಿದ್ದ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಬಕಪಕ್ಷಿಯ ತಲೆ ಕಾಣಿಸಿತು, ಅದರ ಜೊತೆಗೆ 'ನಾಟಿಂಗ್‌ಹ್ಯಾಮ್ ಇಂಗ್ಲೆಂಡ್' ಅನ್ನುವ ಅಕ್ಷರ. ಅಲ್ಲಿಗೆ ಊರು ಗೊತ್ತಾಯಿತು.

ವರ್ಷ ಗೊತ್ತಾಗಲು ಹಿಂದಿನ ಗೇರ್ ಬದಲಿಸುವ ಭಾಗವನ್ನು ಬಿಚ್ಚಿ ತಿರುಗಿಸಿದೆ. ಅದು ಜಪಾನಿನ ಶಿಮಾನೋ ಕಂಪನಿಯದು. ಶಿಮಾನೋದವರು ಆಗ ಬಿಡಿಭಾಗಗಳ ಹಿಂಬದಿಗೆ ಎರಡು ಇಂಗ್ಲಿಷ್ ಅಕ್ಷರ ಒತ್ತುತ್ತಿದ್ದರು. ಮೊದಲನೆಯದು ವರ್ಷ, ಎರಡನೆಯದು ತಿಂಗಳು. ಎ ಅಂದರೆ 1976, ಬಿ ಅಂದರೆ 1977, ಹೀಗೆ ಲೆಕ್ಕ. ನನ್ನದರಲ್ಲಿ ಎಫ್, ಎಚ್. ಅಂದರೆ 1981ರ ಆಗಸ್ಟ್. ಇದು ಆ ಭಾಗದ ಹುಟ್ಟಿದ ತಿಂಗಳು, ಇಡೀ ಸೈಕಲ್ಲಿನದಲ್ಲ. ನಡುವೆ ಯಾರಾದರೂ ಬದಲಿಸಿರಬಹುದು. ಆದರೂ ಉಳಿದದ್ದೆಲ್ಲ ಅದೇ ಕಾಲಕ್ಕೆ ಹೊಂದುತ್ತದೆ.

ಇನ್ನು ಫ್ರೇಮಿನ ಉಕ್ಕು. ಹಳೇ ಇಂಗ್ಲಿಷ್ ಸೈಕಲ್ ಅಂದ ಕೂಡಲೇ ಎಲ್ಲರೂ ಹುಡುಕುವುದು ರೆನಾಲ್ಡ್ಸ್ 531ರ ಸ್ಟಿಕ್ಕರ್. ಬರ್ಮಿಂಗ್‌ಹ್ಯಾಮಿನವರು 1935ರಲ್ಲಿ ಹೊರತಂದ ಹಗುರ ಕೊಳವೆ ಅದು. ಸ್ಟಿಕ್ಕರ್ ಉದುರಿಹೋಗಿದ್ದರೆ ಸೀಟಿನ ಪೈಪು ಹೊರಗೆ ಎಳೆದು ಅಳತೆ ನೋಡಿ. 531ರ ಒಳ್ಳೆಯ ಫ್ರೇಮುಗಳಿಗೆ ಸಾಮಾನ್ಯವಾಗಿ 27.2 ಮಿಲಿಮೀಟರಿನ ಪೈಪು ಕೂರುತ್ತದೆ. ನನ್ನದು 25.4. ಒಳಗೆ ಕೂರುವ ಪೈಪು ಸಣ್ಣ, ಅಂದರೆ ಫ್ರೇಮಿನದು ದಪ್ಪ ಗೋಡೆಯ ಸಾದಾ ಉಕ್ಕು. ನಿರಾಸೆ ಆಯಿತು, ಆದರೆ ಮುಂದಿನ ದಾರಿ ಸ್ಪಷ್ಟವಾಯಿತು. ಇಂಥ ಫ್ರೇಮಿಗೆ ಲೋಹದಿಂದ ಬೆಲೆ ಬರುವುದಿಲ್ಲ. ಅದರ ಬೆಲೆಯೆಲ್ಲ ಮೂಲ ಬಣ್ಣ, ಅಕ್ಷರ ಮತ್ತು ಆ ಬಕಪಕ್ಷಿಯಲ್ಲಿದೆ. ತುಕ್ಕಿನ ಜೊತೆ ಅವೂ ಹೋದರೆ ಉಳಿಯುವುದು ಗುಜರಿಯವನು ಕೇಳಿದ ಬೆಲೆಯೇ.

ಪರೀಕ್ಷೆ ನಡೆಸಿದ್ದು ಮುಂದಿನ ರಿಮ್ಮಿನ ಮೇಲೆ. ಕ್ರೋಮ್ ಲೇಪದ ಉಕ್ಕಿನ ರಿಮ್, 36 ಕಡ್ಡಿ. ಟೇಪು ಸುತ್ತಿ ಒಂಬತ್ತೊಂಬತ್ತು ಕಡ್ಡಿಯ ನಾಲ್ಕು ಪಾಲು ಮಾಡಿದೆ. ಒಂದಕ್ಕೆ ಮುರುಗಲು, ಒಂದಕ್ಕೆ ಬಿಂಬ್ಲಿ, ಒಂದಕ್ಕೆ ವಿನೆಗರ್, ಒಂದಕ್ಕೆ ಆಕ್ಸಾಲಿಕ್. ನಾಲ್ಕಕ್ಕೂ ಅದರದರ ರಸದಲ್ಲಿ ಅದ್ದಿದ ಹಳೇ ಬನಿಯನ್ ಬಟ್ಟೆ, ಮೇಲೆ ಪ್ಲಾಸ್ಟಿಕ್ ಕವರು. ಒಂದೇ ಗಾಲಿ, ಒಂದೇ ವಯಸ್ಸಿನ ತುಕ್ಕು. ಆಮೇಲೆ ಯಾರೂ ತಕರಾರು ತೆಗೆಯುವ ಹಾಗಿಲ್ಲ.

ಮುರುಗಲಿನ ಒಣಸಿಪ್ಪೆಯನ್ನು ಬಿಸಿನೀರಲ್ಲಿ ನೆನೆಸಿ ಹಿಂಡಿದೆ. ಹುಳಿ ಬೇಕಾದಷ್ಟಿದೆ, ತುಕ್ಕೂ ಸಡಿಲವಾಯಿತು. ಆದರೆ ಅದರ ಕೆಂಪು ರಸ ತುಕ್ಕಿಗೆ ಸೇರಿ ಕಪ್ಪು ಕಲೆ ಕಟ್ಟಿತು. ಅದನ್ನು ತೆಗೆಯುವುದು ಬೇರೆ ಕೆಲಸ. ಇನ್ನೊಂದು ತೊಂದರೆ, ಅಂಗಡಿಯಲ್ಲಿ ಸಿಗುವ ಮುರುಗಲಿಗೆ ಒಣಗಿಸುವಾಗ ಉಪ್ಪು ಹಾಕಿರುತ್ತಾರೆ. ಸಾರಿಗೆ ಒಳ್ಳೆಯದು, ಉಕ್ಕಿಗೆ ಶತ್ರು. ಹುಣಸೆ ಮತ್ತು ಉಪ್ಪು ಹಾಕಿ ಹಿತ್ತಾಳೆ ಬೆಳಗುವ ಅಭ್ಯಾಸವನ್ನು ಸೈಕಲ್ಲಿಗೆ ತರಬಾರದು ಅನ್ನುವುದೂ ಇದೇ ಕಾರಣಕ್ಕೆ. ಮುರುಗಲು ಸಾರಿಗೇ ಇರಲಿ.

ವಿನೆಗರ್ ಬಗ್ಗೆ ಇಂಟರ್‌ನೆಟ್ಟಿನ ತುಂಬ ಹೊಗಳಿಕೆ. ಕೆಲಸ ಮಾಡುವುದು ನಿಜ, ಆದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಅದಕ್ಕೆ ಗೊತ್ತಿಲ್ಲ. ಕ್ರೋಮ್ ಎದ್ದ ಕಡೆ ಒಳಗಿನ ಉಕ್ಕನ್ನೂ ತಿನ್ನುತ್ತದೆ, ಉಕ್ಕು ಬೂದು ಬಣ್ಣಕ್ಕೆ ತಿರುಗುತ್ತದೆ. ತೊಳೆದಿಟ್ಟ ಕೂಡಲೇ ಮತ್ತೆ ಕೆಂಪಡರಿದ್ದೂ ಈ ಪಾಲೇ. ನಟ್ಟು, ಬೋಲ್ಟು, ವಾಷರಿಗೆ ಸಾಕು. ಕ್ರೋಮಿಗೆ ಬೇಡ.

ಬಿಂಬ್ಲಿ ಪಟ್ಟಿಯಲ್ಲೇ ಇರಲಿಲ್ಲ. ಸೇರಿಸಿದ್ದು ಪಕ್ಕದ ಮನೆಯ ವೈನಿ. ನಾನು ಬಾಟಲಿಗಳನ್ನು ಸಾಲಾಗಿ ಇಡುವುದನ್ನು ಕಂಪೌಂಡಿನ ಆಚೆಯಿಂದ ನೋಡಿ, "ತಾಮ್ರದ ಹಂಡೆಗೆ ನಾವು ಇದನ್ನೇ ಹಾಕೂದು, ನಿಮ್ಮ ಸೈಕಲ್ಲಿಗೆ ಯಾಕೆ ಆಗೂದಿಲ್ಲ?" ಅಂದರು. ಒಂದು ಮೊರದ ತುಂಬ ಕೊಟ್ಟೂ ಕೊಟ್ಟರು. ಮರದ ಬೊಡ್ಡೆಗೇ ಗೊಂಚಲು ಗೊಂಚಲಾಗಿ ಅಂಟಿಕೊಂಡು ಬಿಡುವ ಕಾಯಿ, ಉಪ್ಪಿನಕಾಯಿ ಹಾಕಿ ಮುಗಿದ ಮೇಲೆ ಅರ್ಧ ಕೊಳೆತೇ ಹೋಗುತ್ತದೆ. ಮಿಕ್ಸಿಗೆ ಹಾಕಿ ಸೋಸಿದೆ. ಬಟ್ಟೆ ಬಿಚ್ಚಿದಾಗ ತುಕ್ಕು ಹಳದಿ-ಹಸಿರು ಕೆಸರಾಗಿ ಜಾರಿಬಂತು. ಕೆಳಗೆ ಕ್ರೋಮ್ ಹೊಳೆಯುತ್ತಿತ್ತು. ಕಲೆ ಇಲ್ಲ, ಗೀರಿಲ್ಲ. ಇದು ಪವಾಡವೇನಲ್ಲ. ಬಿಂಬ್ಲಿಯ ಹುಳಿಯಲ್ಲಿ ದೊಡ್ಡ ಪಾಲು ಆಕ್ಸಾಲಿಕ್ ಆಮ್ಲವೇ. ಅಂಗಡಿಯ ಬಿಳಿ ಪುಡಿಯೂ ಅದೇ ಅಲ್ವಾ? ಹಾಗಂತ ಹಿತ್ತಲಿನದು ಅಂತ ಸಲೀಸಾಗಿ ತೆಗೆದುಕೊಳ್ಳಬೇಡಿ. ಬಿಂಬ್ಲಿಯ ಗಟ್ಟಿ ರಸ ಕುಡಿದು ಕಿಡ್ನಿ ಕೆಟ್ಟ ಪ್ರಕರಣಗಳು ಕೇರಳದಲ್ಲಿ ವರದಿಯಾಗಿವೆ.

ಆಕ್ಸಾಲಿಕ್ ಪುಡಿಯನ್ನು ಮೊಸಾಯಿಕ್, ಮಾರ್ಬಲ್ ನೆಲ ಪಾಲಿಶ್ ಮಾಡುವವರು ಬಳಸುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಒಂದು ಲೀಟರ್ ಬೆಚ್ಚನೆ ನೀರಿಗೆ ಎರಡು ಚಮಚ ಹಾಕಿದೆ. ಬಿಂಬ್ಲಿ ಒಂದು ಇಡೀ ರಾತ್ರಿ ತೆಗೆದುಕೊಂಡ ಕೆಲಸವನ್ನು ಇದು ಸಂಜೆಯೊಳಗೆ ಮುಗಿಸಿತು. ಕಡ್ಡಿಯ ಬುಡದ ನಿಪ್ಪಲ್ ಸುತ್ತ, ಬೆರಳು ತೂರದ ಜಾಗದಲ್ಲಿ, ಬಿಂಬ್ಲಿಯ ನಾರು ಸಿಕ್ಕಿಕೊಂಡು ಅಲ್ಲಲ್ಲಿ ತುಕ್ಕು ಉಳಿದಿತ್ತು. ಪುಡಿಯ ನೀರಿಗೆ ಆ ತೊಂದರೆ ಇಲ್ಲ. ಜಾಸ್ತಿ ಹೊತ್ತು ಬಿಟ್ಟರೆ ಹಳದಿ ಪುಡಿ ಕೂರುತ್ತದೆ, ಬ್ರಷ್ಷಿನಲ್ಲಿ ತಿಕ್ಕಿದರೆ ಹೋಗುತ್ತದೆ. ಆದರೆ ಇದು ವಿಷ. ಗ್ಲೌಸ್ ಬೇಕೇ ಬೇಕು, ಪುಡಿ ಮೂಗಿಗೆ ಹೋಗಬಾರದು, ಮಕ್ಕಳು ಮತ್ತು ಬೆಕ್ಕು ದೂರ ಇರಬೇಕು. ಕೆಲಸ ಮುಗಿದ ನೀರಿಗೆ ಅಡುಗೆ ಸೋಡಾ ಹಾಕಿ, ನೊರೆ ನಿಂತ ಮೇಲೆ ಚೆಲ್ಲಿ, ಅದೂ ಬಾವಿಯಿಂದ ದೂರ. ಅಲ್ಯೂಮಿನಿಯಂ ಬ್ರೇಕುಗಳನ್ನು ಇದರಲ್ಲಿ ಮುಳುಗಿಸಬೇಡಿ.

ಹುಳಿಯ ಗೊಡವೆಯೇ ಬೇಡ ಅನ್ನುವವರಿಗೆ ಅಲ್ಯೂಮಿನಿಯಂ ಹಾಳೆ ಇದೆ, ಚಪಾತಿ ಸುತ್ತುತ್ತಾರಲ್ಲ ಅದು. ಮುದ್ದೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗೆ, ಹಾಗಾಗಿ ಗೀರು ಬೀಳುವುದಿಲ್ಲ. ಹ್ಯಾಂಡಲ್ ಮೇಲಿನ ಚುಕ್ಕೆ ತುಕ್ಕಿಗೆ ಇಷ್ಟೇ ಸಾಕಾಯಿತು. ವೈರ್ ಬ್ರಷ್ಷನ್ನು ಹಿಂದಿನ ಮಡ್ಗಾರ್ಡಿನ ಮುರಿದ ಕಡ್ಡಿಯ ಮೇಲೆ ಮಾತ್ರ ಎಳೆದು ನೋಡಿದೆ. ತುಕ್ಕು ಹೋಯಿತು, ಕ್ರೋಮೂ ಹೋಯಿತು.

ಯಾವ ಹುಳಿ ಹಾಕಿದರೂ ಕಾರವಾರದಲ್ಲಿ ಅಸಲಿ ಪರೀಕ್ಷೆ ತೊಳೆದ ಮೇಲೆ. ಗಾಳಿಯಲ್ಲೇ ಉಪ್ಪಿದೆ. ನದಿ ಬಾಯಿಯ ಹತ್ತಿರದ ಬಾವಿಗಳ ನೀರೂ ಬೇಸಿಗೆಯಲ್ಲಿ ಉಪ್ಪಾಗುತ್ತದೆ, ಅದರಲ್ಲಿ ತೊಳೆದರೆ ಮಾಡಿದ್ದೆಲ್ಲ ದಂಡ. ನಾನು ಕ್ಯಾನಿನ ಕುಡಿಯುವ ನೀರಲ್ಲಿ ತೊಳೆದು, ಸೋಡಾ ನೀರು ಹಚ್ಚಿ, ಮತ್ತೆ ತೊಳೆದು, ಹೇರ್ ಡ್ರೈಯರಿನಲ್ಲಿ ಒಣಗಿಸಿ, ಆ ಕ್ಷಣವೇ ಕಾರಿನ ವ್ಯಾಕ್ಸ್ ಹಚ್ಚಿದೆ. ನಾಲ್ಕೂ ಪಾಲಿಗೆ ಒಂದೇ ಉಪಚಾರ. ಮಳೆಗಾಲ ಮುಗಿದಾಗ ಮುರುಗಲಿನ ಪಾಲು ಮತ್ತೆ ಕಂದು ಬಣ್ಣಕ್ಕೆ ತಿರುಗಿತ್ತು, ವಿನೆಗರಿನದ್ದು ಅಲ್ಲಲ್ಲಿ. ಬಿಂಬ್ಲಿ ಮತ್ತು ಆಕ್ಸಾಲಿಕ್ ಪಾಲುಗಳಲ್ಲಿ ಕ್ರೋಮ್ ಮೊದಲೇ ಚುಚ್ಚಿಹೋಗಿದ್ದ ಕಡೆ ಮಾತ್ರ ಸಣ್ಣ ಚುಕ್ಕೆ. ಹೋದ ಕ್ರೋಮನ್ನು ಯಾವ ಹುಳಿಯೂ ವಾಪಸ್ ತರುವುದಿಲ್ಲ ಬಿಡಿ.

ಫ್ರೇಮಿಗೆ ಬೇರೆ ಜಗಳ: ಇರುವ ಬಣ್ಣ ಉಳಿಸುವುದಾ, ಪೌಡರ್ ಕೋಟಿಂಗ್ ಮಾಡಿಸುವುದಾ? ಶಿರಸಿಯ ನಮ್ಮ ಭಾವ ತನ್ನ ಸೆನ್-ರ‍್ಯಾಲಿಯನ್ನು ಹುಬ್ಬಳ್ಳಿಗೆ ಕಳಿಸಿ ಮರಳು ಹೊಡೆಸಿ ಪೌಡರ್ ಕೋಟಿಂಗ್ ಮಾಡಿಸಿದ್ದಾನೆ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಮೊದಲು ಕಣ್ಣಿಗೆ ಬೀಳುವುದು ಅವನದೇ. ದಿನಾ ಮಳೆಯಲ್ಲಿ ಹಾಲು ತರಲು ಹೋಗುವ ಸೈಕಲ್ಲಿಗೆ ಅದೇ ಸರಿ. "ಎಂತ ಮಾರಾಯಾ, ನಿಂದು ಇನ್ನೂ ಹಳೇದೇ ಕಾಣ್ತದಲ್ಲ" ಅಂತ ನನ್ನದನ್ನು ನೋಡಿ ನಕ್ಕ. ಆದರೆ ಅವನ ಸೈಕಲ್ಲಿನಲ್ಲಿ ಈಗ ಒಂದು ಅಕ್ಷರವೂ ಇಲ್ಲ. ನನ್ನದರಲ್ಲಿ ಬಣ್ಣ ಎದ್ದ ಕಡೆಗಳಿಗೆ ಮಾತ್ರ ತೆಳು ಆಕ್ಸಾಲಿಕ್ ನೀರಿನ ಹತ್ತಿ ಒತ್ತಿದೆ, ಅದೂ ಮೊದಲು ಪೆಡಲ್ ಬುಡದ ಕೆಳಗೆ, ಯಾರಿಗೂ ಕಾಣದ ಜಾಗದಲ್ಲಿ ಹಚ್ಚಿ ಬಣ್ಣ ಮಾಸುವುದಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ. ಅಕ್ಷರಗಳ ಹತ್ತಿರ ಹೋಗಲೇ ಇಲ್ಲ. ಕೊಳವೆಗಳ ಒಳಗೆ ಪೇಂಟ್ ಅಂಗಡಿಯ ಲಿನ್‌ಸೀಡ್ ಎಣ್ಣೆ ಹುಯ್ದು, ಫ್ರೇಮನ್ನು ಎಲ್ಲ ಕಡೆ ತಿರುಗಿಸಿ ಬಸಿದೆ. ಉಪ್ಪು ಗಾಳಿ ಒಳಗಿಂದ ತಿನ್ನುವುದನ್ನು ಪೌಡರ್ ಕೋಟಿಂಗ್ ತಡೆಯುವುದಿಲ್ಲ.

ಒಂದು ಎಚ್ಚರಿಕೆ. ನಾಟಿಂಗ್‌ಹ್ಯಾಮಿನ ರ‍್ಯಾಲಿಗಳ ಬಿ.ಬಿ. (ಬಾಟಮ್ ಬ್ರಾಕೆಟ್, ಪೆಡಲ್ ಅಚ್ಚು ಕೂರುವ ಜಾಗ) ಕಪ್‌ಗಳಿಗೆ ಸಾಮಾನ್ಯವಾಗಿ ಇಂಚಿಗೆ 26 ಸುತ್ತಿನ ಥ್ರೆಡ್. ಉಳಿದ ಇಂಗ್ಲಿಷ್ ಸೈಕಲ್ಲುಗಳದ್ದು 24. ಹೊಸ ಕಪ್ ತಂದು ಬಲವಂತ ಮಾಡಿದರೆ ಫ್ರೇಮಿನ ಥ್ರೆಡ್ಡೇ ಹಾಳು. ಹಳೆಯದನ್ನು ಡೀಸೆಲ್‌ನಲ್ಲಿ ತೊಳೆದು, ಹೊಸ ಗುಂಡು ಮತ್ತು ಗ್ರೀಸ್ ಹಾಕಿ ಅದನ್ನೇ ಕೂರಿಸಿ.

ಬೆಲೆಗೆ ಬರೋಣ. ಹುಬ್ಬಳ್ಳಿಯ ಹವ್ಯಾಸಿಯೊಬ್ಬರಿಗೆ ಫೋಟೋ ಕಳಿಸಿದೆ. ಅವರು ಮೊದಲು ಕೇಳಿದ್ದು ರಿಮ್ಮಿನ ಹೊಳಪನ್ನಲ್ಲ, ಬ್ಯಾಡ್ಜು ಮತ್ತು ಅಕ್ಷರಗಳ ಹತ್ತಿರದ ಫೋಟೋ. ಆಮೇಲೆ ಫ್ರೇಮಿನ ಎತ್ತರ, ಗೇರ್ ಮೂಲದ್ದಾ ಅಂತ. ಬಣ್ಣ ಹೊಡೆಸಿದ್ದರೆ ಬರೀ ಬಿಡಿಭಾಗದ ಬೆಲೆ ಕೊಡುತ್ತಿದ್ದರಂತೆ. ಹೇಳಿದ ಮೊತ್ತ ಗುಜರಿಯವನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆದರೂ ಕೂಲಿ ಲೆಕ್ಕ ಹಾಕಿದರೆ ನಷ್ಟವೇ. 531 ಆಗಿದ್ದರೆ ಮಾತು ಬೇರೆ ಇತ್ತು.

ಕೊಡುವುದೋ ಬಿಡುವುದೋ ಇನ್ನೂ ತೀರ್ಮಾನಿಸಿಲ್ಲ, ಯಾಕೆಂದರೆ ಟೈರಿನದ್ದೇ ಸಮಸ್ಯೆ. ಇದಕ್ಕೆ ಬೇಕಾದದ್ದು 27 x 1¼, ರಿಮ್ಮಿನ ಅಳತೆ 630 ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿರುವುದು 28 x 1½, ಅದು 635. "ಐದೇ ಮಿಲಿಮೀಟರ್ ಅಲ್ವಾ, ಕೂರ್ತದೆ" ಅಂತ ಹಾಕಿ ಕೊಡುವವರಿದ್ದಾರೆ. ಕೂರುತ್ತದೆ, ಆದರೆ ಗಾಳಿ ತುಂಬಿದ ಮೇಲೆ ಅಂಚು ಹಾರಿ ಟ್ಯೂಬು ಸಿಡಿಯುತ್ತದೆ. ಸರಿಯಾದ ಜೋಡಿ ಸಿಗುವ ತನಕ ಹಿಂದಿನ ರಿಮ್ಮಿಗೂ ಆಕ್ಸಾಲಿಕ್ ಬಟ್ಟೆ ಸುತ್ತಿಟ್ಟಿದ್ದೇನೆ, ಈ ಸಲ ಪೂರ್ತಿ 36 ಕಡ್ಡಿಗೂ.