ರೀಶಿ ಅಣಬೆ ಪುಡಿ: ವರ್ಷಕ್ಕೂ ಮೇಲೆ ಬಳಸಿದ ಮೇಲೆ ಹೇಳಬೇಕೆನಿಸಿದ್ದು

ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಶಾಲೆ ಶುರುವಾಗಿ ಮಳೆ ಹಿಡಿಯಿತೆಂದರೆ ಒಂದು ಬೆಂಚಿನ ನೆಗಡಿ ಇಡೀ ತರಗತಿಗೆ ಹರಡಿ ಕೊನೆಗೆ ನನಗೂ ಬರುತ್ತದೆ. ರೋಗನಿರೋಧಕ ಶಕ್ತಿಗೆ ಒಳ್ಳೆಯದೆಂದು ಕೇಳಿ ರೀಶಿ ಪುಡಿ ತರಿಸಲು ಶುರು ಮಾಡಿದೆ. ಬೇರೆ ಬೇರೆ ಕಂಪನಿಯದು ಬಳಸಿಯಾಯಿತು. ಡಬ್ಬಿಯ ಮುಂದಿನ ದೊಡ್ಡ ಮಾತು ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ ಕೊಳ್ಳಬೇಕಾದ ಸಾಮಾನಿದು.

ಮೊದಲು ಬಂದದ್ದು ಬೂದುಬಿಳಿ ಪುಡಿ. ನಾಲಿಗೆಗೆ ಹಿಟ್ಟು ಹಿಟ್ಟು, ತುಸು ಸಿಹಿ. ರೀಶಿಯಲ್ಲಿ ಟ್ರೈಟರ್ಪೀನ್ ಎಂಬ ರಾಸಾಯನಿಕಗಳಿರುತ್ತವೆ, ಅವು ಕಹಿ. ಕಹಿಯೇ ಇಲ್ಲವೆಂದರೆ ಅನುಮಾನ ಬರಲೇಬೇಕು. ಶಾಲೆಯ ಪ್ರಯೋಗಾಲಯದಲ್ಲಿ ಚಿಟಿಕೆ ಪುಡಿಯನ್ನು ನೀರಲ್ಲಿ ಕುದಿಸಿ, ಪೂರ್ತಿ ಆರಿದ ಮೇಲೆ ಎರಡು ಹನಿ ಅಯೋಡಿನ್ ಬಿಟ್ಟೆ. ಪ್ರನಾಳದ ತಳದಿಂದ ಕಡುನೀಲಿ ಎದ್ದು ನೋಡನೋಡುತ್ತಿದ್ದಂತೆ ಕಪ್ಪಾಯಿತು. ಪಿಷ್ಟ! ಅಯೋಡಿನ್ ತಾಗಿದರೆ ಹೀಗೆ ನೀಲಿಗಟ್ಟುವುದು ಅದೇ. ಮತ್ತೆ ಲೇಬಲ್ ತಿರುಗಿಸಿದರೆ ಮೂಲೆಯಲ್ಲಿ ‘ಮೈಸೀಲಿಯಂ’ ಅಂತಿತ್ತು. ಧಾನ್ಯದ ಮೇಲೆ ಅಣಬೆಯ ಬಿಳಿ ಎಳೆ ಹಬ್ಬಿಸಿ, ಧಾನ್ಯ ಸಮೇತ ಒಣಗಿಸಿ ಬೀಸಿದ ಪುಡಿ ಅದು. ಇದನ್ನು ಮುಂದೆ ಸ್ಪಷ್ಟವಾಗಿ ಬರೆಯದೆ ಮಾರುವುದು ಅನ್ಯಾಯ. ಕಂಪನಿಗೆ ದೂರು ಬರೆದೆ, ಉತ್ತರ ಬರಲಿಲ್ಲ.

ಈಗ ಬಳಸುತ್ತಿರುವುದು ಬೆಳೆದ ಅಣಬೆಯಿಂದಲೇ ಬಿಸಿನೀರಿನಲ್ಲಿ ತೆಗೆದ ಸಾರ. ಅಣಬೆಯ ಕೋಶಭಿತ್ತಿಯಲ್ಲಿರುವ ಬೀಟಾ ಗ್ಲೂಕಾನ್ ಎಂಬ ನಾರಿನಂಶದ ಪ್ರಮಾಣ ಡಬ್ಬಿಯ ಮೇಲೆ ನಮೂದಾಗಿದೆ. ಬಿಸಿನೀರು ಯಾಕೆಂದರೆ, ಆ ಕೋಶಭಿತ್ತಿಯಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತುವೂ ಇದೆ, ನಮ್ಮ ಹೊಟ್ಟೆಗೆ ಅದು ಸುಲಭಕ್ಕೆ ಜೀರ್ಣವಾಗದು. ಅದರ ಜೊತೆ ಹೆಣೆದುಕೊಂಡಿರುವ ಬೀಟಾ ಗ್ಲೂಕಾನ್ ಬಿಸಿನೀರಿಗೆ ಬಿಟ್ಟುಕೊಳ್ಳುತ್ತದೆ. ಬಿಳಿ ರಕ್ತಕಣಗಳ ಮೇಲಿರುವ ಡೆಕ್ಟಿನ್-1 ಎಂಬ ಗ್ರಾಹಕ ಪ್ರೋಟೀನ್ ಇದನ್ನು ಗುರುತಿಸಿ ಕಣಗಳನ್ನು ಚುರುಕು ಮಾಡುತ್ತದೆ. ಈ ಪುಡಿ ಬೇವಿನ ಕಷಾಯದಷ್ಟೇ ಕಹಿ. ಖಾಲಿ ಹೊಟ್ಟೆಗೆ ಕುಡಿದರೆ ನನಗೆ ಹೊಟ್ಟೆ ತೊಳಸುತ್ತದೆ, ತಿಂಡಿ ಆದ ಮೇಲಾದರೆ ತೊಂದರೆಯಿಲ್ಲ.

ನೆಗಡಿ ನಿಂತಿತಾ? ನಿಂತಿಲ್ಲ. ಕಡಿಮೆಯಾಗಿರುವುದು ನಿಜ. ಆದರೆ ಅದೇ ಹೊತ್ತಿಗೆ ರಾತ್ರಿ ಬೇಗ ಮಲಗುವುದು, ತರಗತಿ ಮುಗಿದ ಕೂಡಲೇ ಕೈ ತೊಳೆಯುವುದು ರೂಢಿಯಾಯಿತು. ಹಾಗಾಗಿ ಎಲ್ಲಾ ಪುಣ್ಯ ಪುಡಿಗೇ ಕೊಡಲಾರೆ.

ಮಾರುವವರು ಕ್ಯಾನ್ಸರ್ ಹೆಸರು ಎತ್ತುವುದನ್ನು ಕಂಡರೆ ಸಿಟ್ಟು ಬರುತ್ತದೆ. ಅಣಬೆಯಿಂದ ಕ್ಯಾನ್ಸರ್ ಔಷಧ ಬಂದದ್ದುಂಟು, ಆದರೆ ಜಪಾನ್‌ನಲ್ಲಿ 1977ರಲ್ಲಿ ಮಂಜೂರಾದ ಪಿಎಸ್‌ಕೆ ಎಂಬ ಔಷಧ ತೆಗೆದದ್ದು ಟರ್ಕಿ ಟೇಲ್ ಎಂಬ ಬೇರೆಯೇ ಅಣಬೆಯಿಂದ; ವೈದ್ಯರು ಕೊಟ್ಟದ್ದೂ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೇ. ರೀಶಿ ಬಗ್ಗೆ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಪರಾಮರ್ಶೆ ಕೂಡ ಚಿಕಿತ್ಸೆಯ ಜೊತೆಗೆ ಕೊಡುವುದನ್ನು ಯೋಚಿಸಬಹುದು ಅಂದಿತೇ ಹೊರತು, ಇದನ್ನೇ ಮೊದಲ ಚಿಕಿತ್ಸೆಯಾಗಿ ನಂಬಲು ಆಧಾರ ಸಾಲದು ಅಂದಿತು. ಕಾಯಿಲೆ ಬಿದ್ದವರು ಈ ಡಬ್ಬಿ ನಂಬಿ ಆಸ್ಪತ್ರೆ ಬಿಡಬಾರದು.

ನಮ್ಮ ಅತ್ತೆಯವರಿಗೆ ಸ್ಟೆಂಟ್ ಹಾಕಿದೆ, ರಕ್ತ ತೆಳುವಾಗುವ ಮಾತ್ರೆ ನಡೀತಿದೆ. ಅವರಿಗೂ ಕೊಡೋಣವೆಂದು ಕೇಳಿದ್ದಕ್ಕೆ ಡಾಕ್ಟರು ಖಡಾಖಂಡಿತ ಬೇಡ ಅಂದರು. ರೀಶಿಯಿಂದ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಗೊಳ್ಳುವವರೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಚನ್ನಗಿರಿ ಕಡೆಯ ನನ್ನ ತಮ್ಮನಂಥ ಹುಡುಗನೊಬ್ಬ ಕೇಳಿದ: “ಅಕ್ಕಾ, ನಮ್ ತೋಟದಾಗೆ ಅಡಿಕೆ ಬುಡಕ್ಕೆ ಇಂಥವೇ ಏಳ್ತಾವಲ್ಲ, ಅವನ್ನೇ ಕುದಿಸಿ ಕುಡಿದ್ರೆ ಆಗಲ್ವಾ?” ಅಡಿಕೆಯ ಅಣಬೆ ರೋಗಕ್ಕೆ ಕಾರಣವಾದ ಗ್ಯಾನೋಡರ್ಮಾ ಎಂಬ ಶಿಲೀಂಧ್ರ ರೀಶಿಯ ಕುಲದ್ದೇ, ಅವನು ಹೇಳಿದ್ದು ಸುಳ್ಳಲ್ಲ. ಆದರೆ ಆ ಕುಲದಲ್ಲಿ ಹಲವು ಜಾತಿಗಳಿವೆ, ಕಣ್ಣಳತೆಯಲ್ಲಿ ಗುರುತು ಸಿಗದು. ತೋಟಕ್ಕೆ ಹೊಡೆದ ಔಷಧಿಯೂ ಸೇರಿರುತ್ತದೆ. ಬೇಡವೇ ಬೇಡ ಅಂದೆ.

ಡಬ್ಬಿಗೆ ಅಷ್ಟು ದುಡ್ಡು ಹಾಕಲಾಗದವರು ತರಕಾರಿ ಅಂಗಡಿಯ ಚಿಪ್ಪಣಬೆ ತನ್ನಿ. ಅದರಲ್ಲೂ ಬೀಟಾ ಗ್ಲೂಕಾನ್ ಇದೆ, ಜೊತೆಗೆ ಪ್ರೋಟೀನ್ ಸಿಗುತ್ತದೆ. ಸೀಳಿ ಬಿಸಿಲಿಗೆ ಸ್ವಲ್ಪ ಹೊತ್ತು ಇಟ್ಟರೆ ಡಿ ವಿಟಮಿನ್ ಕೂಡ ಹೆಚ್ಚುತ್ತದೆ. ನಮ್ಮ ಮನೆಯಲ್ಲಿ ಈಗ ವಾರಕ್ಕೊಮ್ಮೆ ಅದರದೇ ಪಲ್ಯ, ರೊಟ್ಟಿ ಜೊತೆ. ಪುಡಿಗೆ ಐದಕ್ಕೆ ಮೂರು ಅಂಕ ಕೊಡುತ್ತೇನೆ. ಮಳೆಗಾಲದಲ್ಲಿ ಗಂಟು ಕಟ್ಟುತ್ತದೆ, ಸಣ್ಣ ಡಬ್ಬಿಯನ್ನೇ ತರಿಸಿ.