ಉಚಿತ ಕಾನೂನು ನೆರವು, ಮೈಸೂರು: ಆತ್ಮರಕ್ಷಣೆ ಮಿತಿ ಮೀರಿದ ಕೇಸಿಗೆ ಸಾಕೇ?

ಹೊಡೆತ ತಪ್ಪಿಸಿಕೊಳ್ಳಲು ಹೋಗಿ ಎದುರಿನವನ ಪ್ರಾಣವೇ ಹೋಗಿದೆ, ಆರೋಪಿಗೆ ಮೊದಲಿನಿಂದ ಮಾನಸಿಕ ಕಾಯಿಲೆಯಿದೆ. ಇಂಥ ಕೇಸಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರನ್ನು ಧಾರಾಳವಾಗಿ ಕೇಳಿ. ಕಸ್ಟಡಿಯಲ್ಲಿರುವವರಿಗೂ ವಿಕಲಚೇತನರಿಗೂ ಆದಾಯದ ಮಿತಿ ಇಲ್ಲ. ಜೈಲಿನಿಂದಲೇ ಅರ್ಜಿ ಕೊಡಬಹುದು, 15100ಕ್ಕೆ ಫೋನ್ ಮಾಡಬಹುದು. ಇಲ್ಲಿನ ಪೂರ್ಣಾವಧಿ ಡಿಫೆನ್ಸ್ ವಕೀಲರು ಖಾಸಗಿ ಕೇಸು ಹಿಡಿಯುವಂತಿಲ್ಲ. ನನಗೆ ಈ ವ್ಯವಸ್ಥೆಯ ದೊಡ್ಡ ಬಲ ಅದೇ.

ಕಾಗದಪತ್ರ ಮಾತ್ರ ಮನೆಯವರೇ ಹುಡುಕಿ ಕೊಡಬೇಕು. ಕೆ.ಆರ್. ಆಸ್ಪತ್ರೆಯಲ್ಲಿ ತೋರಿಸಿದ್ದರೆ ಹಳೆಯ ಓಪಿಡಿ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಔಷಧಿ ಬಿಲ್ಲು ಎಲ್ಲವನ್ನೂ ಎತ್ತಿಡಿ. ಘಟನೆಗೆ ಹತ್ತಿರದ ದಿನಾಂಕದ ಚೀಟಿಗೇ ತೂಕ ಹೆಚ್ಚು. ಎರಡು ವರ್ಷ ಬಿಟ್ಟು ಮಾಡಿಸಿದ ಸರ್ಟಿಫಿಕೇಟ್ ಇವತ್ತಿನ ಸ್ಥಿತಿ ಹೇಳುತ್ತದೆ, ಅವತ್ತಿನದಲ್ಲ. ಆರೋಪಿಯ ಮೈಮೇಲಿನ ಗಾಯಕ್ಕೂ ವೂಂಡ್ ಸರ್ಟಿಫಿಕೇಟ್ (ಡಾಕ್ಟರು ಗಾಯ ನೋಡಿ ಬರೆದುಕೊಡುವ ಪತ್ರ) ಬೇಕು. ಮೊಣಕೈ ಕೆಳಗೆ ಹೊರಭಾಗದಲ್ಲಿ ಕುಯ್ದ ಗಾಯವಿದ್ದರೆ, ಕೈ ಅಡ್ಡ ಹಿಡಿದಿದ್ದನೆನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಬಂಧನವಾದ ಕೂಡಲೇ ಪರೀಕ್ಷೆ ಆಗದಿದ್ದರೆ ಗಾಯ ಮಾಯ್ದು ಸಾಕ್ಷಿಯೂ ಹೋಗುತ್ತದೆ.

ವಾದ ಎಡವುವುದು ಇಲ್ಲಿ. 'ಏನು ಮಾಡುತ್ತಿದ್ದೇನೆಂದು ಅವನಿಗೆ ತಿಳಿದಿರಲಿಲ್ಲ' ಅಂತ ಬಿಎನ್‌ಎಸ್ (ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ) 22ನೇ ಕಲಂ, ಅಂದರೆ ಮಾನಸಿಕ ಕಾಯಿಲೆಯಿಂದ ಅರಿವಿಲ್ಲದೆ ಮಾಡಿದ್ದು ಅಪರಾಧವಲ್ಲ ಎಂಬುದನ್ನು ಹಿಡಿದು, ಅದೇ ಉಸಿರಿನಲ್ಲಿ 'ಜೀವ ಉಳಿಸಿಕೊಳ್ಳಲು ಹೊಡೆದ' ಅಂದರೆ ಒಂದು ಮಾತು ಇನ್ನೊಂದನ್ನು ತಿನ್ನುತ್ತದೆ. ಕಾಯಿಲೆ 22ರ ಮಟ್ಟ ಮುಟ್ಟದಿದ್ದರೆ, 101ನೇ ಕಲಂನ ಎರಡನೇ ವಿನಾಯಿತಿ (ಸದ್ಭಾವನೆಯಿಂದ ಆತ್ಮರಕ್ಷಣೆಯ ಮಿತಿ ಮೀರಿ ಸಾವಾದರೆ ಅದು ಕೊಲೆಯಲ್ಲ) ಹಿಡಿದು ವಾದ ಕಟ್ಟಿ, ಕಾಯಿಲೆಯನ್ನು ಶಿಕ್ಷೆ ತಗ್ಗಿಸಲು ಬಳಸುವುದೇ ಜಾಣತನ.

ದಿನಾಂಕವನ್ನೂ ನೋಡಿ. 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಗೆ, ಕೊಲೆಯಲ್ಲದ ನರಹತ್ಯೆಗೆ ಶಿಕ್ಷೆ ಹೇಳುವ ಹಳೆಯ ಐಪಿಸಿ 304. ಆಮೇಲಿನದಕ್ಕೆ ಬಿಎನ್‌ಎಸ್ 105. ಹೊಸ ಕಲಂನಲ್ಲಿ ಸಾಯಿಸುವ ಉದ್ದೇಶ ಸಾಬೀತಾದರೆ ಕನಿಷ್ಠ 5 ವರ್ಷ, ಕಾಯಿಲೆ ಎಷ್ಟೇ ಇದ್ದರೂ ಅದಕ್ಕಿಂತ ಕೆಳಗಿಳಿಯುವಂತಿಲ್ಲ. ಬರೀ ಅರಿವಿತ್ತು, ಉದ್ದೇಶ ಇರಲಿಲ್ಲ ಎಂದಾದರೆ 10 ವರ್ಷದವರೆಗೆ, ಕನಿಷ್ಠ ಮಿತಿಯಿಲ್ಲ. ಹಾಗಾಗಿ ಜಗ್ಗಾಟವೆಲ್ಲ ಉದ್ದೇಶದ ಮೇಲೇ.

ದೋಷಿ ಎಂದ ಮೇಲೆ ಶಿಕ್ಷೆಯ ಬಗ್ಗೆ ಬೇರೆಯೇ ಹಿಯರಿಂಗ್ ಇದೆ. 'ಕರುಣೆ ತೋರಿಸಿ ಸ್ವಾಮಿ' ಅಂತ ಒಂದು ಸಾಲು ಹೇಳಿ ಮುಗಿಸಿದರೆ ಈ ಅವಕಾಶ ದಂಡ. ಸಮಯ ಕೇಳಿ, ಚಿಕಿತ್ಸೆಯ ದಾಖಲೆ, ಮನೆಯ ಅವಲಂಬಿತರ ವಿವರ, ಜೈಲಿನ ನಡತೆಯನ್ನು ಬರವಣಿಗೆಯಲ್ಲಿ ಕೊಡಿಸುವಂತೆ ವಕೀಲರನ್ನು ಮೊದಲೇ ಒತ್ತಾಯಿಸಿ. ವಿಚಾರಣೆ ವೇಳೆ ಒಳಗೆ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ವಜಾ ಮಾಡಿಕೊಂಡ ಉಲ್ಲೇಖ ಆದೇಶದಲ್ಲಿದೆಯೇ ಎಂದು ಅವತ್ತೇ ಓದಿ ನೋಡಿಕೊಳ್ಳಿ.