ಐದು ಮಳೆಗಾಲ ಕಂಡ ಕ್ಯಾಮೆರಾ: ಒಲಿಂಪಸ್ ಟಫ್ ಟಿಜಿ-6

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಜೂನ್ ಮೊದಲ ವಾರ ಶುರುವಾದ ಮಳೆ ಸೆಪ್ಟೆಂಬರ್ ತನಕ ಕೈ ಬಿಡುವುದಿಲ್ಲ. ವರ್ಷಕ್ಕೆ ಹತ್ತಿರ ಹತ್ತಿರ 3500 ಮಿಲಿಮೀಟರ್ ಮಳೆ ಬೀಳುವ ಊರು. ನಾನು ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ನನಗೆ ಬೇಕಾದ ಫೋಟೋಗಳೆಲ್ಲ ಈ ನಾಲ್ಕು ತಿಂಗಳಲ್ಲೇ ಸಿಗುವಂಥವು. ಪದವಿನ (ಗುಡ್ಡೆಯ ಮೇಲಿನ ಕಲ್ಲುಬಯಲಿನ) ಮೇಲೆ ಅರಳುವ ಬೆರಳುಗುರಿನಷ್ಟು ಚಿಕ್ಕ ಹೂಗಳು, ಕಪ್ಪೆ, ತೋಡಿನ ಮೀನು, ಸುರಂಗದ ಒಳಗಿನ ನೀರು. ಬೇಸಿಗೆಯಲ್ಲಿ ಇದ್ಯಾವುದೂ ಇರುವುದಿಲ್ಲ. ಹಾಗಾಗಿ ಮಳೆಗೆ ಹೆದರುವ ಕ್ಯಾಮೆರಾ ಇಟ್ಟುಕೊಂಡು ನನಗೆ ಪ್ರಯೋಜನ ಇಲ್ಲ.

ಮೊದಲು ನನ್ನ ಹತ್ತಿರ ಒಂದು ಡಿಎಸ್‌ಎಲ್‌ಆರ್ ಇತ್ತು. ಹೊಸಬರಿಗೆ ಅಂತ ಮಾರುವ, ಕಡಿಮೆ ಬೆಲೆಯದ್ದು. ಕಂಪೆನಿಯ ಹೆಸರು ಇಲ್ಲಿ ಬೇಡ. ಅದರಲ್ಲಿ ನೀರು ತಡೆಯುವ ಯಾವ ಏರ್ಪಾಡೂ ಇರಲಿಲ್ಲ, ಇದೆ ಅಂತ ಅವರು ಹೇಳಿಯೂ ಇರಲಿಲ್ಲ. ಒಂದು ವರ್ಷ ಮಧೂರಿನಲ್ಲಿ ಮಧುವಾಹಿನಿ ಉಕ್ಕಿ ದೇವಸ್ಥಾನದ ಅಂಗಳಕ್ಕೆ ನೀರು ಬಂದಾಗ ಫೋಟೋ ತೆಗೆಯಲು ಹೋದೆ. ಕ್ಯಾಮೆರಾದ ಮೇಲೆ ಬೈರಾಸು (ಟವೆಲ್) ಹೊದೆಸಿದ್ದೆ. ಅರ್ಧ ಗಂಟೆಯಲ್ಲಿ ಬೈರಾಸು ನೆನೆದು ಭಾರವಾಯಿತು. ಆಮೇಲೆ ಅದು ನೀರು ತಡೆಯುವ ಬದಲು ನೀರನ್ನು ಹಿಡಿದು ಕ್ಯಾಮೆರಾಕ್ಕೆ ಒತ್ತಿ ಇಟ್ಟ ಹಾಗಾಯಿತು. ಮನೆಗೆ ಬಂದು ಮಾಡಬಾರದ್ದನ್ನೇ ಮಾಡಿದೆ. ಸರಿ ಇದೆಯಾ ಅಂತ ನೋಡಲು ನಾಲ್ಕೈದು ಸಲ ಸ್ವಿಚ್ ಹಾಕಿದೆ. ಎಲ್ಲರೂ ಹೇಳುತ್ತಾರಲ್ಲ ಅಂತ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಮೂರನೇ ದಿನ ಶಟರ್ ನಿಂತಿತು. ರಿಪೇರಿಯವರು ಬಿಚ್ಚಿ ತೋರಿಸಿದಾಗ ಒಳಗಿನ ಬೋರ್ಡಿನ ಮೇಲೆ ಹಸಿರು ಕಿಲುಬು ಹಿಡಿದಿತ್ತು. ಲೆನ್ಸಿನ ಜೂಮ್ ಬಳೆಯ ಸಂದಿಯಲ್ಲಿ ಅಕ್ಕಿಯ ಹುಡಿ ತುಂಬಿತ್ತು.

ಅಕ್ಕಿ ಒಳಗಿನ ನೀರನ್ನು ಎಳೆದು ತೆಗೆಯುವುದಿಲ್ಲ. ಕ್ಯಾಮೆರಾ ನೆನೆದರೆ ಮೊದಲು ಬ್ಯಾಟರಿ ತೆಗೆಯಿರಿ, ಕಾರ್ಡ್ ತೆಗೆಯಿರಿ, ಲೆನ್ಸ್ ಬಿಚ್ಚಿಡಿ. ಸ್ವಿಚ್ ಹಾಕಬೇಡಿ, ಚಾರ್ಜಿಗೆ ಇಡಬೇಡಿ. ಫ್ಯಾನಿನ ಕೆಳಗೆ ಇಟ್ಟು, ಸಾಧ್ಯವಾದಷ್ಟು ಬೇಗ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋಗಿ. ನೀರಿನ ಜೊತೆಗೆ ಕರೆಂಟು ಸೇರಿದಾಗಲೇ ಬೋರ್ಡು ಬೇಗ ಹಾಳಾಗುವುದು. ಇದು ಆ ದಿನ ನನಗೆ ಗೊತ್ತಿದ್ದಿದ್ದರೆ ಅದು ಉಳಿಯುತ್ತಿತ್ತೋ ಏನೋ.

2020ರ ಜನವರಿಯಲ್ಲಿ ದುಬೈಯಲ್ಲಿರುವ ಭಾವ ರಜೆಗೆ ಬರುವಾಗ ಟಿಜಿ-6 ತಂದುಕೊಟ್ಟರು. ಒಲಿಂಪಸ್‌ನವರು 2019ರಲ್ಲಿ ಬಿಟ್ಟ ಮಾಡೆಲ್. 12 ಮೆಗಾಪಿಕ್ಸೆಲ್, ಅಂಗೈಯಲ್ಲಿ ಹಿಡಿಯುತ್ತದೆ. 15 ಮೀಟರ್ ಆಳದ ತನಕ ನೀರು ತಡೆಯುತ್ತದೆ, 2.1 ಮೀಟರ್ ಎತ್ತರದಿಂದ ಬಿದ್ದರೂ ತಡೆಯುತ್ತದೆ ಅಂತ ಕಂಪೆನಿಯ ಮಾತು. ಐದು ಮಳೆಗಾಲ ಇದನ್ನು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ "ವಾಟರ್‌ಪ್ರೂಫ್" ಮತ್ತು "ವೆದರ್ ಸೀಲ್ಡ್" ಅನ್ನುವ ಮಾತುಗಳ ವಿಷಯ. ಅಂಗಡಿಯಲ್ಲಿ ಎರಡನ್ನೂ ಒಂದೇ ಅನ್ನುವ ಹಾಗೆ ಹೇಳುತ್ತಾರೆ. ಒಂದೇ ಅಲ್ಲ. ವೆದರ್ ಸೀಲ್ಡ್ ಅಂದರೆ ಸಂದಿಗಳಿಗೆ ರಬ್ಬರ್ ಕೂರಿಸಿದ್ದಾರೆ ಅಂತಷ್ಟೇ ಅರ್ಥ. ಎಷ್ಟು ನೀರು, ಎಷ್ಟು ಹೊತ್ತು ಅಂತ ಅದರಲ್ಲಿ ಇಲ್ಲ. ಅಳತೆ ಬೇಕಿದ್ದರೆ ಐಪಿ ಸಂಖ್ಯೆ ನೋಡಬೇಕು. ಅದರ ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. ನೀರಿನ ಅಂಕೆ 3 ಇದ್ದರೆ ಮೇಲಿನಿಂದ ಓರೆಯಾಗಿ 60 ಡಿಗ್ರಿ ತನಕ ಬೀಳುವ ಸಿಂಚನ ತಡೆಯುತ್ತದೆ. 4 ಇದ್ದರೆ ಎಲ್ಲ ಕಡೆಯಿಂದ ಎರಚುವ ನೀರು. 7 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ. 8 ಅಂದರೆ ಅದಕ್ಕಿಂತ ಹೆಚ್ಚು, ಎಷ್ಟು ಅಂತ ಕಂಪೆನಿಯೇ ಹೇಳಬೇಕು. ಟಿಜಿ-6ದು 8. ಇದೇ ಬಳಗದ ದೊಡ್ಡ ಬೆಲೆಯ ಓಎಂ-1 ಕ್ಯಾಮೆರಾದ್ದು ಐಪಿ53, ಅಂದರೆ ನೀರಿಗೆ 3. ಬೇರೆ ಎಷ್ಟೋ ದುಬಾರಿ ಕ್ಯಾಮೆರಾಗಳಿಗೆ ಸಂಖ್ಯೆಯೇ ಇಲ್ಲ. ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟಿನ) ಮಳೆ ಗಾಳಿಯ ಜೊತೆ ಅಡ್ಡಕ್ಕೆ ಹೊಡೆಯುತ್ತದೆ. ಪದವಿನ ಮೇಲೆ ನಿಂತರೆ ಕೊಡೆ ಹಿಡಿದವರಿಗೂ ಸೊಂಟದಿಂದ ಕೆಳಗೆ ಚಂಡಿ, ಅಂದರೆ ಒದ್ದೆ. ಅಲ್ಲಿ 3ಕ್ಕೂ 4ಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ಇನ್ನೊಂದು ಮಾತು. ಈ ಪರೀಕ್ಷೆಗಳು ನಡೆಯುವುದು ಹೊಸ ಕ್ಯಾಮೆರಾದ ಮೇಲೆ, ಸಿಹಿನೀರಿನಲ್ಲಿ. 8 ಇದೆ ಅಂದ ಮಾತ್ರಕ್ಕೆ ನಳ್ಳಿಯ ನೀರನ್ನು ರಭಸವಾಗಿ ಬಿಡಬಹುದು ಅಂತಲೂ ಅಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಇದೆ.

ಟಿಜಿ-6ರಲ್ಲಿ ನೀರು ಒಳಗೆ ಹೋಗುವ ದಾರಿ ಅಂತ ಇರುವುದು ಎರಡೇ ಬಾಗಿಲು. ಒಂದು ಬ್ಯಾಟರಿ, ಕಾರ್ಡಿನದ್ದು. ಇನ್ನೊಂದು ಚಾರ್ಜಿನ ತಂತಿ ಸಿಕ್ಕಿಸುವಲ್ಲಿ. ಎರಡಕ್ಕೂ ಬೀಗದ ಹಾಗೆ ಲಾಕ್ ಇದೆ. ಲೆನ್ಸ್ ಮುಂದಕ್ಕೆ ಚಾಚುವುದಿಲ್ಲ, ಜೂಮ್ ಎಲ್ಲ ಒಳಗೊಳಗೇ ಆಗುತ್ತದೆ. ನನಗೆ ಇದು ತುಂಬಾ ದೊಡ್ಡ ಗುಣ ಅನ್ನಿಸಿದೆ. ಉದ್ದ ಚಾಚುವ ಜೂಮ್ ಲೆನ್ಸ್ ಹಿಂದೆ ಮುಂದೆ ಆಡಿದಾಗ ತಿದಿ ಒತ್ತಿದ ಹಾಗೆ ಹೊರಗಿನ ತೇವದ ಗಾಳಿಯನ್ನು ಒಳಗೆ ಎಳೆಯುತ್ತದೆ. ಹಳೆಯ ಕ್ಯಾಮೆರಾದ ಲೆನ್ಸಿನೊಳಗೆ ಹಬೆ ಕಟ್ಟುತ್ತಿದ್ದದ್ದು ಯಾಕೆ ಅಂತ ನನಗೆ ಆಮೇಲೆ ಗೊತ್ತಾಯಿತು.

ಆದರೆ ಬಾಗಿಲು ಭದ್ರ ಇರುವುದು ನಮ್ಮ ಕೈಯಲ್ಲಿದೆ. ಎರಡನೇ ಮಳೆಗಾಲದ ಒಂದು ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಕಾರ್ಡ್ ಹಾಕಿ ಬಾಗಿಲು ಮುಚ್ಚಿದೆ. ಲಾಕ್ ಟಕ್ ಅಂತ ಸರಿಯಾಗಿಯೇ ಬಿತ್ತು. ಯಾಕೋ ಮನಸ್ಸು ಕೇಳದೆ ಮತ್ತೆ ತೆರೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ರಬ್ಬರಿನ ಮೇಲೆ ನನ್ನದೇ ತಲೆಗೂದಲು ಒಂದು ಅಡ್ಡ ಮಲಗಿತ್ತು. ಕಪ್ಪು ರಬ್ಬರ್, ಕಪ್ಪು ಕೂದಲು. ಸುಮ್ನೆ ನೋಡಿದರೆ ಕಾಣುವಂಥದ್ದಲ್ಲ. ಅಷ್ಟು ಸಾಕು ನೀರಿಗೆ ದಾರಿ ಮಾಡಿಕೊಡಲು. ಅವತ್ತಿನಿಂದ ಬಾಗಿಲು ಮುಚ್ಚುವ ಮೊದಲು ಒಣ ಬಟ್ಟೆಯಿಂದ ರಬ್ಬರ್ ಒರೆಸಿ, ಓರೆಯಾಗಿ ಬೆಳಕಿಗೆ ಹಿಡಿದು ನೋಡುತ್ತೇನೆ. ಕಡಲ ಕರೆಗೆ ಹೋಗಿದ್ದರೆ ಮರಳಿನ ಕಣ ಇದೆಯಾ ಅಂತ ಬೆರಳಲ್ಲಿ ಸವರಿಯೂ ನೋಡುತ್ತೇನೆ. ಮಳೆಯಲ್ಲಿ ನಿಂತು ಬಾಗಿಲು ತೆರೆಯುವುದಿಲ್ಲ. ಬ್ಯಾಟರಿ ಹಿಂದಿನ ರಾತ್ರಿಯೇ ತುಂಬಿಸಿ, ಒಣಗಿದ ಕೋಣೆಯಲ್ಲೇ ಮುಚ್ಚಿ ಹೊರಡುತ್ತೇನೆ. ತೇವದ ಗಾಳಿಯನ್ನು ಒಳಗೆ ಸೇರಿಸಿ ಬೀಗ ಹಾಕಿದರೆ ಅದೇ ಆಮೇಲೆ ಲೆನ್ಸಿನ ಹಿಂದೆ ಹಬೆಯಾಗುತ್ತದೆ.

ಈಗ ಇದು ಕೊಟ್ಟ ಸುಖದ ವಿಷಯ ಹೇಳಬೇಕು. ಆಗಸ್ಟಿನಲ್ಲಿ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಪದವಿನ ಮೇಲೆ ಅಂಗುಲದಷ್ಟು ನೀರು ನಿಂತಿರುತ್ತದೆ. ಆ ನೀರಿನಲ್ಲಿ ನೀಲಿ ಹೂಗಳು ಅರಳುತ್ತವೆ, ಮಲಯಾಳದಲ್ಲಿ ಕಾಕ್ಕಪ್ಪೂ ಅನ್ನುತ್ತಾರೆ. ಯುಟ್ರಿಕ್ಯುಲೇರಿಯಾ ಜಾತಿಯ ಗಿಡ. ಬೇರು ಇಲ್ಲ. ಕೆಳಗಿನ ಎಳೆಗಳಲ್ಲಿ ಸಾಸಿವೆಗಿಂತ ಚಿಕ್ಕ ಚೀಲಗಳಿರುತ್ತವೆ. ನೀರಿನ ಸಣ್ಣ ಜೀವಿಗಳನ್ನು ಅವು ಒಳಗೆ ಎಳೆದುಕೊಂಡು ಅರಗಿಸುತ್ತವೆ. ಪಾಠದಲ್ಲಿ ಇದನ್ನು ಎಷ್ಟು ವರ್ಷ ಬಾಯಲ್ಲೇ ಹೇಳಿದ್ದೆನೋ. ಕ್ಯಾಮೆರಾವನ್ನು ಆ ನೀರಿಗೇ ಇಳಿಸಿದೆ. ಅರ್ಧ ನೀರೊಳಗೆ, ಅರ್ಧ ಮೇಲೆ. ಇದರ ಮೈಕ್ರೋಸ್ಕೋಪ್ ಮೋಡಿನಲ್ಲಿ ಲೆನ್ಸಿನಿಂದ 1 ಸೆಂಟಿಮೀಟರ್ ದೂರದ ವಸ್ತುವಿಗೂ ಫೋಕಸ್ ಆಗುತ್ತದೆ. ಪರದೆಯಲ್ಲಿ ಆ ಚೀಲ ಕಂಡಿತು, ಒಳಗೊಂದು ಕಪ್ಪು ಚುಕ್ಕಿ. ಮೇಲಿನಿಂದ ಮಳೆ ಸುರಿಯುತ್ತಲೇ ಇತ್ತು. ನಾನು ನೀರಲ್ಲಿ ಮೊಣಕಾಲೂರಿ ಕೂತಿದ್ದೆ. ಮರುದಿನ ಶಾಲೆಯಲ್ಲಿ ಆ ಫೋಟೋ ನೋಡಿದ ಮಕ್ಕಳು "ಟೀಚರ್, ಇದು ನಮ್ಮ ಪದವಿನದ್ದಾ?" ಅಂತ ಮೂರು ಸಲ ಕೇಳಿದರು.

ಪರದೆಗೆ ಟಚ್ ಇಲ್ಲ. ಹೊಸದಾಗಿ ನೋಡಿದವರು ಇದನ್ನು ಕೊರತೆ ಅನ್ನುತ್ತಾರೆ. ಮಳೆಯಲ್ಲಿ ಇದೇ ವರ. ಐಪಿ68 ಇರುವ ಫೋನು ನೀರಿಗೆ ಹಾಳಾಗದಿರಬಹುದು, ಆದರೆ ಪರದೆಯ ಮೇಲೆ ಹನಿ ಬಿದ್ದರೆ ಬೆರಳು ಯಾವುದು, ಹನಿ ಯಾವುದು ಅಂತ ಅದಕ್ಕೆ ತಿಳಿಯುವುದಿಲ್ಲ. ಇಲ್ಲಿ ಗುಂಡಿ ಒತ್ತಿದರೆ ಆಯಿತು. ಲೆನ್ಸಿನ ಮೇಲಿನ ಹನಿ ಮಾತ್ರ ನಾವೇ ಒರೆಸಬೇಕು. ಅದಕ್ಕೆ ನಾಲ್ಕು ಹಳೆಯ ಹತ್ತಿ ಬನಿಯನ್ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ. ಒಂದು ಚಂಡಿಯಾದರೆ ಇನ್ನೊಂದು.

ಸುರಂಗದಲ್ಲಿ ಬೇರೆಯೇ ಪಾಠ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮ ಕಡೆ ಗುಡ್ಡೆಯ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುತ್ತಾರೆ. ಒಬ್ಬರು ಬಗ್ಗಿ ನಡೆಯುವಷ್ಟು ಜಾಗ. ಮೇಲಿನಿಂದ ತೊಟ್ಟಿಕ್ಕುವ ನೀರು, ಕಾಲ ಕೆಳಗೆ ಹರಿಯುವ ನೀರು. ಒಂದು ಸಲ ಕಾರಿನ ಏಸಿಯಲ್ಲಿ ಇದ್ದ ಕ್ಯಾಮೆರಾವನ್ನು ನೇರ ಒಳಗೆ ಒಯ್ದೆ. ಲೋಟದ ತಣ್ಣೀರಿನ ಹೊರಗೆ ಬೆವರು ಕೂರುತ್ತದಲ್ಲ, ಹಾಗೆ ಗಾಜು ಪೂರ್ತಿ ಮಂಜಾಯಿತು. ನೀರು ತಡೆಯುವ ಯಾವ ಕ್ಯಾಮೆರಾಕ್ಕೂ ಇದು ತಪ್ಪಿದ್ದಲ್ಲ. ಕ್ಯಾಮೆರಾ ತಣ್ಣಗಿದ್ದು ಗಾಳಿ ಬೆಚ್ಚಗೆ ತೇವವಾಗಿದ್ದರೆ ಆಗುವುದೇ ಹೀಗೆ. ಈಗ ಕಾರಿನಲ್ಲಿ ಹೋಗುವಾಗ ಏಸಿ ಹಾಕುವುದಿಲ್ಲ. ಹಾಕಿದ್ದರೆ ಕ್ಯಾಮೆರಾವನ್ನು ಚೀಲದಲ್ಲೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆಗೆಯುತ್ತೇನೆ. ಏಸಿ ಹಾಲಿನ ಮದುವೆಗೆ ಹೋಗುವ ಫೋಟೋಗ್ರಾಫರುಗಳಿಗೆ ಇದು ಗೊತ್ತಿರುವ ಕಷ್ಟ.

ಬೇಕಲ ಮತ್ತು ಕಣ್ವತೀರ್ಥದ ಕಡಲಿಗೂ ಒಯ್ದಿದ್ದೇನೆ. ಉಪ್ಪುನೀರು ಒಣಗುವ ಮೊದಲು ಬಾಲ್ದಿಯ ಸಿಹಿನೀರಿನಲ್ಲಿ ಮುಳುಗಿಸಿಟ್ಟು ತೊಳೆಯಬೇಕು. ಉಪ್ಪು ಗಟ್ಟಿಯಾದರೆ ಗುಂಡಿಗಳ ಸುತ್ತ ಕೂತು ಕೆಲಸ ಕೆಡಿಸುತ್ತದೆ.

ಇಷ್ಟೆಲ್ಲ ನೀರು ಕಂಡ ಮೇಲೆ ನನಗೆ ಗಟ್ಟಿಯಾದ ಮಾತು ಒಂದಿದೆ. ನಮ್ಮ ಊರಿನಲ್ಲಿ ಕ್ಯಾಮೆರಾಗಳು ಸುರಿಯುವ ಮಳೆಗಿಂತ ಜಾಸ್ತಿ ಹಾಳಾಗುವುದು ಕಪಾಟಿನೊಳಗೆ. ಮಳೆಯಲ್ಲಿ ಒಯ್ದರೆ ಹಾಳಾದೀತು ಅಂತ ಹೆದರಿ ಜೂನಿನಲ್ಲಿ ಚೀಲದೊಳಗೆ ಇಡುತ್ತಾರೆ, ಓಣಂ ಸಮಯಕ್ಕೆ ತೆಗೆಯುತ್ತಾರೆ. ಲೆನ್ಸಿನೊಳಗೆ ಜೇಡನ ಬಲೆಯ ಹಾಗೆ ಬೂಸ್ಟು ಹಬ್ಬಿರುತ್ತದೆ. ಪರಿಚಯದ ಸ್ಟುಡಿಯೋದ ಅಣ್ಣ ಒಬ್ಬರ ಹತ್ತಿರ ವೆದರ್ ಸೀಲ್ಡ್ ಕ್ಯಾಮೆರಾ, ಲೆನ್ಸ್ ಎರಡೂ ಇದ್ದವು. ಒಂದು ಹನಿ ನೀರೂ ಒಳಗೆ ಹೋಗಿರಲಿಲ್ಲ. ಆದರೂ ಬೂಸ್ಟು ಒಳಗೆ ಹೋಗಿತ್ತು. ಅದು ಬೆಳೆದಲ್ಲಿ ಗಾಜಿನ ಲೇಪವನ್ನೇ ತಿನ್ನುತ್ತದೆ, ಒರೆಸಿದರೂ ಕಲೆ ಉಳಿಯುತ್ತದೆ.

ಇದಕ್ಕೆ ದಾರಿ ತೋರಿಸಿದ್ದು ಅಮ್ಮ. ನಾನು ಕ್ಯಾಮೆರಾ ಚೀಲವನ್ನು ಕಪಾಟಿನಲ್ಲಿ ಇಡುವುದನ್ನು ನೋಡಿ, "ಹಲಸಿನ ಹಪ್ಪಳವನ್ನು ಯಾರಾದರೂ ಬಟ್ಟೆ ಚೀಲದಲ್ಲಿ ಇಡುತ್ತಾರಾ?" ಅಂತ ಕೇಳಿದರು. ಸರಿಯಲ್ವಾ! ಬೇಸಿಗೆಯಲ್ಲಿ ಒಣಗಿಸಿದ ಹಪ್ಪಳ ಆಟಿಯಲ್ಲೂ ಗರಿಗರಿ ಇರುವುದು ಮುಚ್ಚಳ ಬಿಗಿಯಾದ ಡಬ್ಬಿಯಿಂದ. ನಾನೂ ಅಂಥದ್ದೇ ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಂದೆ. ಒಳಗೆ ಸಿಲಿಕಾ ಜೆಲ್, ತೇವ ಅಳೆಯುವ ಸಣ್ಣ ಮೀಟರ್. ಜುಲೈಯಲ್ಲಿ ಚಾವಡಿಯಲ್ಲಿಟ್ಟ ಮೀಟರ್ ಶೇಕಡಾ 90 ತೋರಿಸುತ್ತದೆ, ಡಬ್ಬಿಯೊಳಗೆ 45. ಲೆನ್ಸಿಗೆ 40ರಿಂದ 50 ಒಳ್ಳೆಯದು. ಜೆಲ್ ಕಿತ್ತಳೆ ಬಣ್ಣದಿಂದ ಹಸಿರಾದರೆ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸಬಹುದು. ನೀಲಿ ಬಣ್ಣದ್ದು ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ವಿಷ. ಯಾವುದೇ ಆದರೂ ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ, ಬೇರೆಯೇ ಒಂದು ಇಡಿ. ಕ್ಯಾಮೆರಾವನ್ನು ಒರೆಸಿ, ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿದ ಮೇಲೆ ಡಬ್ಬಿಗೆ ಹಾಕಬೇಕು. ಹಸಿ ಹಪ್ಪಳ ಹಾಕಿದರೆ ಡಬ್ಬಿ ಎಷ್ಟು ಬಿಗಿ ಇದ್ದರೇನು?

ಟಿಜಿ-6ಕ್ಕೆ ಆಗದ ಕೆಲಸಗಳೂ ಇವೆ. ಸೆನ್ಸರ್ ತೀರಾ ಚಿಕ್ಕದು, 1/2.3 ಇಂಚು. ಕತ್ತಲಾದರೆ ಫೋಟೋ ಕಾಳುಕಾಳಾಗುತ್ತದೆ. ರಾತ್ರಿಯ ಯಕ್ಷಗಾನಕ್ಕೆ, ದೂರದ ಹಕ್ಕಿಗೆ ಇದನ್ನು ನಂಬಿ ಹೋಗಬೇಡಿ. ಜೂಮ್ ನಾಲ್ಕೇ ಪಟ್ಟು. ಅಂಥ ಕೆಲಸಕ್ಕೆ ದೊಡ್ಡ ಕ್ಯಾಮೆರಾವೇ ಬೇಕು. ಮಳೆಗೆ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ಬಟ್ಟೆ ಬೇಡ. ಅಜ್ಜಿಯ ಕಾಲದ ಕೊರಂಬು (ಮಳೆಗೆ ಮೈಮೇಲೆ ಹೊದೆಯುವ ಎಲೆಯ ಗೊರಬು) ನೋಡಿದವರಿಗೆ ಗೊತ್ತು, ನೀರು ಹೀರದೆ ಇಳಿದು ಹೋಗಬೇಕು, ಕೆಳಗೆ ಗಾಳಿಯಾಡಬೇಕು.

ಬಾಗಿಲಿನ ರಬ್ಬರನ್ನು ವರ್ಷಕ್ಕೊಮ್ಮೆ ಬದಲಿಸಿ ಅಂತ ಕಂಪೆನಿಯೇ ಹೇಳುತ್ತದೆ. ಪೆರ್ಲದಲ್ಲಿ ಕೂತು ಅದನ್ನು ವರ್ಷ ವರ್ಷ ಮಾಡಿಸುವುದು ನನ್ನಿಂದ ಆಗಲಿಲ್ಲ. ಆದ್ದರಿಂದ ನಾಲ್ಕನೇ ಮಳೆಗಾಲದಿಂದ ಇದನ್ನು ನೀರಿನಲ್ಲಿ ಮುಳುಗಿಸುವುದನ್ನು ನಿಲ್ಲಿಸಿದ್ದೇನೆ. ಮಳೆಯಲ್ಲಿ ಹಿಡಿಯುತ್ತೇನೆ, ತೊಟ್ಟಿಕ್ಕುವ ಸುರಂಗಕ್ಕೆ ಒಯ್ಯುತ್ತೇನೆ, ತೋಡಿಗೆ ಇಳಿಸುವುದಿಲ್ಲ. ಹಳೆಯದನ್ನು ಕೊಳ್ಳುವವರೂ ಹೀಗೇ ಮಾಡಿ, 15 ಮೀಟರ್ ಅನ್ನುವ ಮಾತು ಹೊಸದಾಗಿದ್ದಾಗಿನದ್ದು. 2023ರಲ್ಲಿ ಟಿಜಿ-7 ಬಂದಿದೆ, ಒಲಿಂಪಸ್ ಕ್ಯಾಮೆರಾಗಳ ಈಗಿನ ಹೆಸರಾದ ಓಎಂ ಸಿಸ್ಟಮ್ ಹೆಸರಿನಲ್ಲಿ. ನೀರು ತಡೆಯುವ ಆಳ ಅದರಲ್ಲೂ 15 ಮೀಟರೇ. ನನ್ನದು ಇನ್ನೂ ಚೆನ್ನಾಗಿ ಓಡುತ್ತಿದೆ, ಹಾಗಾಗಿ ಬದಲಿಸುವ ಯೋಚನೆ ಇಲ್ಲ. ಭಾವ ಈ ಸಲ ಬರುವಾಗ ಒಂದು ಹೊಸ ಬ್ಯಾಟರಿ ತರಲು ಹೇಳಿದ್ದೇನೆ.